ವಿನೋಬನಗರದ ಮೂರು ಬಟ್ಟಲಿನ ಡಬ್ಬಿ: ಸ್ಲೀವ್ ಸರ್ಜರಿ ಆದವನ 11 ತಿಂಗಳ ಊಟ

ಶಿವಮೊಗ್ಗದ ವಿನೋಬನಗರದಲ್ಲಿ ಒಬ್ಬರು ಅಕ್ಕ ಮನೆಯಲ್ಲೇ ಅಡುಗೆ ಮಾಡಿ ಮಧ್ಯಾಹ್ನದ ಊಟ ಕಳಿಸುತ್ತಾರೆ. ಬೋರ್ಡಿಲ್ಲ, ಆ್ಯಪಿಲ್ಲ, ಹೆಸರೂ ಇಟ್ಟಿಲ್ಲ. ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಬಂದ ಗಿರಾಕಿಗಳೇ ಎಲ್ಲ. 11 ತಿಂಗಳಿಂದ ಅವರ ಡಬ್ಬಿಯೇ ನನ್ನ ಮಧ್ಯಾಹ್ನದ ಊಟ. ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡು ನಮ್ಮ ಊರಿಗೆ ವಾಪಸ್ ಬಂದವರು, ಏನು ತಿನ್ನೋದು ಅಂತ ತಲೆ ಕೆಡಿಸಿಕೊಂಡು ಕೂತಿರುತ್ತಾರಲ್ಲ, ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ವಯಸ್ಸು 46. ಸಾಗರ ರಸ್ತೆಯ ಎಪಿಎಂಸಿ ಯಾರ್ಡಿನಲ್ಲಿ ಒಂದು ಅಡಿಕೆ ಮಂಡಿಯ ಲೆಕ್ಕ ನೋಡಿಕೊಳ್ಳುತ್ತೇನೆ, ಬೆಳಿಗ್ಗೆಯಿಂದ ಸಂಜೆವರೆಗೆ ಕೂತೇ ಕೆಲಸ. 128 ಕೆಜಿ ಇದ್ದೆ. ಶುಗರ್ ಇತ್ತು, ಬಿಪಿ ಇತ್ತು, ರಾತ್ರಿ ಮಲಗಿದರೆ ಮಧ್ಯೆ ಮಧ್ಯೆ ಉಸಿರು ಕಟ್ಟುತ್ತಿತ್ತು. 14 ತಿಂಗಳ ಹಿಂದೆ ಬೆಂಗಳೂರಿನಲ್ಲಿ ಸ್ಲೀವ್ ಸರ್ಜರಿ ಆಯಿತು. ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆಯಷ್ಟು ಉಳಿಸುತ್ತಾರೆ. ಅದರಲ್ಲಿ ಶುರುವಿನಲ್ಲಿ ಹಿಡಿಯುವುದು ಸುಮಾರು 100ರಿಂದ 150 ಎಂಎಲ್, ಅಂದರೆ ಹೋಟೆಲಿನ ಒಂದು ಲೋಟ ಕಾಫಿಯಷ್ಟು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗುವ ಭಾಗವೂ ಅದರ ಜೊತೆಗೇ ಹೋಗುತ್ತದೆ. ಈಗ ನಾನು 89 ಕೆಜಿ.

ಸರ್ಜರಿ ಆದಮೇಲೆ ಮೊದಲು ನೀರಿನಂಥ ಆಹಾರ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಸುಮಾರು ಎರಡು ತಿಂಗಳು ಹೀಗೆ ಕಳೆಯುತ್ತದೆ. ಅಷ್ಟು ದಿನ ಕಷ್ಟ ಅನ್ನಿಸಲಿಲ್ಲ, ಏಕೆಂದರೆ ಏನು ಮಾಡಬೇಕು ಅಂತ ಸ್ಪಷ್ಟವಾಗಿ ಹೇಳಿದ್ದರು. ಕಷ್ಟ ಶುರುವಾಗಿದ್ದು "ಇನ್ನು ಮಾಮೂಲಿ ಊಟ ಮಾಡಬಹುದು" ಅಂದ ದಿನ. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಓಟ್ಸ್, ಗ್ರೀಕ್ ಯೋಗರ್ಟ್, ಗ್ರಿಲ್ಡ್ ಚಿಕನ್ ಅಂತ ಇತ್ತು. ನಮ್ಮ ಮನೆಯ ಮಾಮೂಲಿ ಊಟ ಅಂದರೆ ಅನ್ನ, ಸಾರು, ಅಕ್ಕಿ ರೊಟ್ಟಿ, ಕಡುಬು, ಕೊನೆಗೆ ಇನ್ನೊಂದು ಸಲ ಅನ್ನ ಮಜ್ಜಿಗೆ. ಹೊಟ್ಟೆಯಲ್ಲಿ ಇರೋದೇ ಒಂದು ಲೋಟ ಜಾಗ. ಅದನ್ನು ಅನ್ನದಿಂದಲೇ ತುಂಬಿಸಿಬಿಟ್ಟರೆ ಪ್ರೋಟೀನಿಗೆ ಜಾಗ ಎಲ್ಲಿ? ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಹೋಗಬೇಕು ಅಂತ ಹೇಳಿದ್ದರು. ಅದು ಹೋಗದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೂದಲೂ ಜಾಸ್ತಿ ಉದುರುತ್ತದೆ. ನನಗೆ ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬಾ ಕೂದಲು ಬರುತ್ತಿತ್ತು. ಇಷ್ಟು ಬೇಗ ತೂಕ ಇಳಿದಾಗ ಒಂದಷ್ಟು ಉದುರುವುದು ಮಾಮೂಲು, ಆಮೇಲೆ ಬೆಳೆಯುತ್ತದೆ, ಹೆದರಬೇಡಿ.

ಇನ್ನೊಂದು ಕಷ್ಟ ನಮ್ಮ ಮಲೆನಾಡಿನವರಿಗೆ ಮಾತ್ರ ಅರ್ಥವಾಗುವಂಥದ್ದು. ನಮ್ಮಲ್ಲಿ ಒತ್ತಾಯ ಮಾಡಿ ಬಡಿಸದಿದ್ದರೆ ಪ್ರೀತಿ ಇಲ್ಲ ಅಂತಲೇ ಲೆಕ್ಕ. "ಇಷ್ಟೇನಾ? ಸಂಕೋಚ ಮಾಡ್ಕೋಬೇಡಿ, ಇನ್ನೊಂದು ಕಡುಬು." ಹೊಸನಗರದ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ, ಆಗ ಸರ್ಜರಿಯಾಗಿ ಹತ್ತು ವಾರ. ಅರ್ಧ ಕಡುಬು ಸಾಕು ಅಂದರೂ ಕೇಳದೆ ಇನ್ನೊಂದು ಹಾಕಿದರು, ಮಾತಾಡುತ್ತಾ ಮಾತಾಡುತ್ತಾ ಎರಡು ತುತ್ತು ಸರಿಯಾಗಿ ಅಗಿಯದೆ ನುಂಗಿಬಿಟ್ಟೆ. ಎದೆಯ ಗೂಡಿನ ಹಿಂದೆ ಕಲ್ಲು ಕೂತ ಹಾಗಾಯಿತು. ಬಾಯಲ್ಲಿ ನೀರು ಒಸರುತ್ತದೆ, ಕೂರಲಿಕ್ಕಾಗುವುದಿಲ್ಲ, ನಿಲ್ಲಲಿಕ್ಕಾಗುವುದಿಲ್ಲ. ಹಿತ್ತಲಲ್ಲಿ ಅರ್ಧ ಗಂಟೆ ಓಡಾಡಿ, ಕೊನೆಗೆ ವಾಂತಿಯಾದ ಮೇಲೆ ಸರಿಹೋಯಿತು. ಅವರದೇನೂ ತಪ್ಪಿಲ್ಲ, ಅವರಿಗೆ ಗೊತ್ತಿರಲಿಲ್ಲ. ಆದರೆ ಬೇರೆಯವರು ಬಡಿಸುವ ತಟ್ಟೆಯ ಮುಂದೆ ಕೂರಲು ಅವತ್ತಿನಿಂದ ನನಗೆ ಭಯ ಶುರುವಾಯಿತು.

ಆಗ ಮಂಡಿಯ ಹಮಾಲರೊಬ್ಬರು ಈ ಅಕ್ಕನ ವಿಷಯ ಹೇಳಿದರು. ಫೋನ್ ಮಾಡಿದೆ. ಅವರು ಮೊದಲು ಕೇಳಿದ ಪ್ರಶ್ನೆ, "ಎಷ್ಟು ತಿನ್ನೋಕಾಗುತ್ತೆ ನಿಮಗೆ?" ನಾನು ಒಂದು ಲೋಟದಷ್ಟು ಅಂದೆ. "ಸರಿ, ಲೋಟ ತಂದು ತೋರಿಸಿ" ಅಂದರು. ತೆಗೆದುಕೊಂಡು ಹೋಗಿ ತೋರಿಸಿದೆ. ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನೀರು ತುಂಬಿಸಿ, ಆ ನೀರನ್ನು ಮೂರು ಸಣ್ಣ ಬಟ್ಟಲಿಗೆ ಹಂಚಿ ಹಾಕಿ, ಎಲ್ಲಿವರೆಗೆ ಬಂತು ಅಂತ ನೋಡಿಕೊಂಡರು. ಡಯೆಟಿಷಿಯನ್ ಕೊಟ್ಟ ಹಾಳೆಯನ್ನೂ ಕೊಟ್ಟೆ. ಓದಿ, ಫೋಟೋ ತೆಗೆದಿಟ್ಟುಕೊಂಡರು. ನನಗೆ ಆ ಕ್ಷಣವೇ ನಂಬಿಕೆ ಬಂತು.

ಡಬ್ಬಿ ಹೇಗಿರುತ್ತದೆ ಹೇಳುತ್ತೇನೆ. ಮಕ್ಕಳು ಶಾಲೆಗೆ ಒಯ್ಯುವಷ್ಟು ಸಣ್ಣ ಸ್ಟೀಲ್ ಕ್ಯಾರಿಯರ್, ಮೂರು ಬಟ್ಟಲು. ಗಾಂಧಿ ಬಜಾರಿನಲ್ಲಿ ನಾನೇ ತಂದುಕೊಟ್ಟೆ, ಅದೇ ಸೈಜಿನವು ಎರಡು. ಮೇಲಿನ ಬಟ್ಟಲು ತೆಗೆದರೆ ಪ್ರೋಟೀನ್. ಅದನ್ನು ಮೊದಲು ತಿನ್ನಬೇಕು. ಮಧ್ಯದ್ದು ತರಕಾರಿ. ಕೆಳಗಿನದರಲ್ಲಿ ಎರಡು ಚಮಚ ಅನ್ನ ಅಥವಾ ಅಂಗೈಯಷ್ಟು ರೊಟ್ಟಿ. ಡಬ್ಬಿ ಬಿಚ್ಚುವ ಕ್ರಮವೇ ತಿನ್ನುವ ಕ್ರಮ. ಇದು ಅವರೇ ಮಾಡಿದ ಯೋಚನೆ, ನಾನು ಹೇಳಿದ್ದಲ್ಲ. ಕೆಳಗಿನ ಬಟ್ಟಲಿಗೆ ಬರುವ ಹೊತ್ತಿಗೆ ಎಷ್ಟೋ ದಿನ ನನಗೆ ಹೊಟ್ಟೆ ತುಂಬಿರುತ್ತದೆ, ಹಾಗೇ ವಾಪಸ್ ಹೋಗುತ್ತದೆ. ಒಂದು ದಿನವೂ ಯಾಕೆ ಬಿಟ್ಟಿರಿ ಅಂತ ಕೇಳಿಲ್ಲ. ಉಳಿದದ್ದನ್ನು ನೋಡಿ ಮರುದಿನ ಒಂದು ಚಮಚ ಕಡಿಮೆ ಹಾಕುತ್ತಾರೆ ಅಷ್ಟೇ.

ವಾರದಲ್ಲಿ ಎರಡು ದಿನ ಮೀನು. ಕರಾವಳಿಯಿಂದ ಬರುವ ಬಂಗುಡೆ, ಹುಳಿ ಹಾಕಿ ಮೆತ್ತಗೆ ಬೇಯಿಸಿದ್ದು, ಮುಳ್ಳು ಬಿಡಿಸಿಯೇ ಕೊಡುತ್ತಾರೆ. ಎರಡು ದಿನ ಮೊಟ್ಟೆ. ಉಳಿದ ದಿನ ಕಾಳು: ಮೊಳಕೆ ಹೆಸರುಕಾಳು, ಅಲಸಂದೆ, ಹುರುಳಿ. ಈ ಹುರುಳಿ ಉಸಲಿ ಬಗ್ಗೆ ಎಷ್ಟು ಹೇಳಿದರೂ ಸಾಲದು. ಕಾಳು ಎರಡು ದಿನ ಮೊಳಕೆ ಕಟ್ಟಿ, ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಮುಚ್ಚಳ ತೆಗೆದ ಕೂಡಲೇ ಪಕ್ಕದ ಟೇಬಲಿನವರೂ ತಿರುಗಿ ನೋಡುತ್ತಾರೆ. ಮೀನಿನ ದಿನ ಡಬ್ಬಿಯಲ್ಲಿ 20 ಗ್ರಾಂ ಹತ್ತಿರ ಪ್ರೋಟೀನ್ ಸಿಗುತ್ತದೆ, ಕಾಳಿನ ದಿನ ಅದರ ಅರ್ಧ, ಹಾಗಾಗಿ ಅವತ್ತು ಸಂಜೆ ನಾನು ಒಂದು ಬೇಯಿಸಿದ ಮೊಟ್ಟೆ ಸೇರಿಸಿಕೊಳ್ಳುತ್ತೇನೆ. ಉಳಿದದ್ದು ಬೆಳಿಗ್ಗೆ, ರಾತ್ರಿ ಮನೆಯಲ್ಲಿ.

ತಂಬುಳಿ ಇಲ್ಲದೆ ನಮಗೆ ಊಟ ಇಳಿಯುತ್ತದಾ? ಆದರೆ ಸರ್ಜರಿ ಆದವರು ಊಟದ ಜೊತೆ ನೀರಾಗಲಿ ಮಜ್ಜಿಗೆಯಾಗಲಿ ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಬಿಡಬೇಕು. ಕುಡಿದರೆ ಇರುವ ಚೂರು ಜಾಗವೂ ನೀರಿನಿಂದ ತುಂಬುತ್ತದೆ. ಇದನ್ನು ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನದ ಡಬ್ಬಿಯಲ್ಲಿ ಒಂದೆಲಗದ ತಂಬುಳಿ ಇತ್ತು, ಆದರೆ ಚಟ್ನಿಯಷ್ಟು ಗಟ್ಟಿ. ಮೊಸರನ್ನು ರಾತ್ರಿ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಅದಕ್ಕೆ ಸೊಪ್ಪು, ಜೀರಿಗೆ, ಮೆಣಸು ಅರೆದು ಹಾಕಿದ್ದರು. ಚಮಚದಲ್ಲಿ ತಿನ್ನುವ ತಂಬುಳಿ! ಮೂರು ತಿಂಗಳಿಂದ ಆ ರುಚಿ ನಾಲಿಗೆಗೆ ತಾಗಿರಲಿಲ್ಲ. ಮೊದಲ ಚಮಚಕ್ಕೆ ಕಣ್ಣಲ್ಲಿ ನೀರು ಬಂತು. ದೊಡ್ಡಪತ್ರೆ, ನೆಲ್ಲಿಕಾಯಿ, ಚಕ್ರಮುನಿ, ಎಲ್ಲವನ್ನೂ ಈಗ ಹೀಗೇ ಮಾಡುತ್ತಾರೆ. ಮಳೆಗಾಲದಲ್ಲಿ ಕಳಲೆ ಬಂದಾಗಲೂ ಅಷ್ಟೇ, ನಾರು ಸಿಕ್ಕಿಕೊಳ್ಳಬಾರದು ಅಂತ ಸಾಸಿವೆ ಕಾಳಿನಷ್ಟು ಸಣ್ಣಗೆ ಕೊಚ್ಚಿದ್ದರು.

ಇನ್ನು ಕುಂದುಕೊರತೆ. ಇಲ್ಲ ಅಂತೇನಿಲ್ಲ. ಭಾನುವಾರ ರಜೆ. ಜುಲೈ ತಿಂಗಳ ಮಳೆಯಲ್ಲಿ ಡಬ್ಬಿ ಎರಡು ಗಂಟೆ ದಾಟಿ ಬಂದದ್ದು ಏಳೆಂಟು ಸಲ. ಮಾಮೂಲಿ ಜನಕ್ಕೆ ಅದು ದೊಡ್ಡ ವಿಷಯವಲ್ಲ, ನಮಗೆ ದೊಡ್ಡದೇ. ಹೊತ್ತು ಮೀರಿದರೆ ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ, ಆಮೇಲೆ ಬಂದ ಊಟ ಗಡಿಬಿಡಿಯಲ್ಲಿ ಇಳಿಯುತ್ತದೆ. ನಾನೀಗ ಡ್ರಾಯರಿನಲ್ಲಿ ಹುರಿಗಡಲೆ ಇಟ್ಟುಕೊಂಡಿರುತ್ತೇನೆ. ಎಲ್ಲದಕ್ಕೂ ಕಾಯಿ ತುರಿ ಜಾಸ್ತಿ ಹಾಕುತ್ತಾರೆ, ಎರಡು ಸಲ ಹೇಳಿದ ಮೇಲೆ ಕಡಿಮೆ ಮಾಡಿದರು. ಒಮ್ಮೆ ಅವರು ಊರಲ್ಲಿ ಇಲ್ಲದಾಗ ಅಡುಗೆಗೆ ನಿಂತವರು ಹಬ್ಬ ಅಂತ ಮೇಲಿನ ಬಟ್ಟಲಿಗೆ ಬೆಲ್ಲದ ಪಾಯಸ ತುಂಬಿ ಕಳಿಸಿದ್ದರು. ಮೇಲಿನದು ಮೊದಲು ತಿನ್ನುವ ಅಭ್ಯಾಸ ಆಗಿಹೋಗಿತ್ತಲ್ಲ, ನಾಲ್ಕು ಚಮಚ ತಿಂದೆ. ಕಾಲು ಗಂಟೆಯಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿ ಬಂತು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಿಹಿ ಬೇಗ ಕರುಳಿಗೆ ಇಳಿದುಬಿಟ್ಟಾಗ ಆಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸುವ ಇನ್ನೊಂದು ಬಗೆಯ ಹೊಟ್ಟೆ ಸರ್ಜರಿ) ಆದವರಲ್ಲಿ ಜಾಸ್ತಿ, ಸ್ಲೀವ್ ಆದವರಿಗೂ ಬರಬಹುದು. ಅಕ್ಕನಿಗೆ ಗೊತ್ತಾದಾಗ ತುಂಬಾ ನೊಂದುಕೊಂಡರು. ಅವತ್ತಿನಿಂದ ನನ್ನ ಡಬ್ಬಿಯ ಹಿಡಿಗೆ ಕೆಂಪು ದಾರ ಕಟ್ಟಿದ್ದಾರೆ, ಯಾರು ತುಂಬಿಸಿದರೂ ಗೊತ್ತಾಗಲಿ ಅಂತ.

ದರ ತಿಂಗಳಿಗೆ 2,600 ರೂಪಾಯಿ, 26 ಊಟ. ಇಷ್ಟು ಕಡಿಮೆ ಊಟಕ್ಕೆ ಅಷ್ಟು ದುಡ್ಡಾ ಅಂತ ಮನೆಯಲ್ಲಿ ಮೊದಲು ಕೇಳಿದರು. ದಿನಾ ಒಬ್ಬನಿಗೋಸ್ಕರ ಕಾಳು ಬೇರೆ ಬೇಯಿಸಿ, ಮೀನಿನ ಮುಳ್ಳು ಬಿಡಿಸುವುದಕ್ಕೆ ಇದು ಜಾಸ್ತಿ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಈಗ ಮುಖ್ಯವಾದ ಮಾತು. ಹತ್ತನೇ ತಿಂಗಳ ಹೊತ್ತಿಗೆ ನನಗೆ ಹಸಿವು ವಾಪಸ್ ಬಂತು. ಇದನ್ನು ಯಾರೂ ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ. ಮೊದಲ ಕೆಲವು ತಿಂಗಳು ಸರ್ಜರಿಯೇ ನಮ್ಮ ಪರವಾಗಿ ಕೆಲಸ ಮಾಡುತ್ತದೆ, ತಿನ್ನಬೇಕು ಅಂದರೂ ಆಗುವುದಿಲ್ಲ. ಆಮೇಲೆ ಹೊಟ್ಟೆಯೂ ಸ್ವಲ್ಪ ಹಿಗ್ಗುತ್ತದೆ, ಆಸೆಯೂ ಮರಳುತ್ತದೆ, ತೂಕ ಮತ್ತೆ ಏರಿಸಿಕೊಂಡವರು ಎಷ್ಟೋ ಜನ ಇದ್ದಾರೆ. ನಾನು ಅಕ್ಕನಿಗೆ ಫೋನ್ ಮಾಡಿ, ಡಬ್ಬಿ ಸಾಲುತ್ತಿಲ್ಲ, ಸ್ವಲ್ಪ ಜಾಸ್ತಿ ಹಾಕಿ ಅಂದೆ. "ಯಾವುದು ಜಾಸ್ತಿ ಹಾಕಲಿ? ಮೇಲಿನದಾ, ಕೆಳಗಿನದಾ?" ಅಂತ ಕೇಳಿದರು. ಉತ್ತರ ಬಾಯಿಗೆ ಬರಲಿಲ್ಲ. ನನಗೆ ಬೇಕಾಗಿದ್ದದ್ದು ಅನ್ನ, ಅದು ನನಗೂ ಗೊತ್ತು, ಅವರಿಗೂ ಗೊತ್ತಾಗಿತ್ತು. ಕೊನೆಗೆ ಮೇಲಿನದು ಅಂದೆ. ಎರಡು ಚಮಚ ಕಾಳು ಜಾಸ್ತಿ ಬಂತು. ಅಷ್ಟರಲ್ಲೇ ಸಾಕಾಯಿತು. ಈಗಲೂ ಅದೇ ಅಳತೆ, ಅದೇ ಡಬ್ಬಿ.

ಡಬ್ಬಿಯ ಸುತ್ತ ಬೇರೆ ಅಭ್ಯಾಸಗಳೂ ಬೆಳೆದವು. ಡಬ್ಬಿ ತೆಗೆಯುವ ಅರ್ಧ ಗಂಟೆ ಮೊದಲೇ ನೀರಿನ ಬಾಟಲಿ ದೂರ ಇಡುತ್ತೇನೆ. ಒಂದು ತುತ್ತು ಬಾಯಿಗಿಟ್ಟು ಚಮಚ ಕೆಳಗಿಡುತ್ತೇನೆ, ಅಗಿದು ನುಂಗಿದ ಮೇಲೆಯೇ ಮತ್ತೆ ಕೈಗೆ. ಆ ಮೂರು ಸಣ್ಣ ಬಟ್ಟಲು ಖಾಲಿಯಾಗಲು 25 ನಿಮಿಷ ಬೇಕು. ದಿನದ ನೀರು ಒಂದೂವರೆ ಲೀಟರಿಗಿಂತ ಕಡಿಮೆ ಆಗಬಾರದು, ಅದೂ ಗುಟುಕು ಗುಟುಕಾಗಿ. ಮಂಡಿಯಲ್ಲಿ ಊಟ ಆದ ಕೂಡಲೇ ಚಹಾ ಬರುತ್ತಿತ್ತು, ಅದನ್ನು ನಿಲ್ಲಿಸಿದೆ. ಚಹಾ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಮಾಡುತ್ತದೆ, ನಮಗೆ ಮೊದಲೇ ಅದು ಕಡಿಮೆ. ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬಾರದು, ಮಧ್ಯೆ ಎರಡು ಗಂಟೆ ಬಿಡಬೇಕು. ಬಿ12, ವಿಟಮಿನ್ ಡಿ, ಮಲ್ಟಿವಿಟಮಿನ್ ಇವೆಲ್ಲ ಜೀವನಪೂರ್ತಿ. ಚೆನ್ನಾಗಿದ್ದೀನಲ್ಲ ಅಂತ ದಯವಿಟ್ಟು ಮಾತ್ರೆಯನ್ನೂ ವರ್ಷದ ರಕ್ತ ಪರೀಕ್ಷೆಯನ್ನೂ ಬಿಡಬೇಡಿ. ಸಂಜೆ ಫ್ರೀಡಂ ಪಾರ್ಕಿನಲ್ಲಿ ನಡೆಯುತ್ತೇನೆ. ಮೊದಲು ಒಂದು ಸುತ್ತಿಗೇ ಮಂಡಿ ಹಿಡಿದುಕೊಳ್ಳುತ್ತಿತ್ತು, ಈಗ ಮುಕ್ಕಾಲು ಗಂಟೆ ಆರಾಮಾಗಿ ನಡೆಯುತ್ತೇನೆ.

ಯಾರಿಗೆ ಈ ಡಬ್ಬಿ ಸರಿ? ಮೆತ್ತಗಿನ ಆಹಾರದ ಹಂತ ಮುಗಿದವರಿಗೆ. ಮೊದಲ ವಾರಗಳಲ್ಲಿ ಬೇಡ, ಆಗ ಆಸ್ಪತ್ರೆಯವರು ಹೇಳಿದಂತೆಯೇ ನಡೆಯಬೇಕು. ಬೈಪಾಸ್ ಆದವರು ತಮ್ಮ ಡಯೆಟಿಷಿಯನ್ ಹತ್ತಿರ ಒಂದು ಮಾತು ಕೇಳಿ ಶುರುಮಾಡಿ. ಬಾಯಿ ಬಿಟ್ಟು ಹೇಳಿದರೆ ಮಾತ್ರ ಅಕ್ಕನಿಗೆ ಗೊತ್ತಾಗುವುದು, ಹಾಗಾಗಿ ಏನು ಹಿಡಿಸಲಿಲ್ಲ ಅನ್ನೋದನ್ನು ಅವತ್ತೇ ಫೋನ್ ಮಾಡಿ ತಿಳಿಸಿ.

ಅಕ್ಕ ದಿನಕ್ಕೆ 30 ಡಬ್ಬಿಗಿಂತ ಜಾಸ್ತಿ ಮಾಡುವುದಿಲ್ಲ, ಅದಕ್ಕೇ ನಂಬರ್ ಇಲ್ಲಿ ಹಾಕಿಲ್ಲ. ಬೇಕಾದವರು ನನಗೆ ಮೆಸೇಜ್ ಮಾಡಿ, ಜಾಗ ಇದೆಯಾ ಅಂತ ಕೇಳಿ ಹೇಳುತ್ತೇನೆ. ಹೋಗುವಾಗ ಡಯೆಟಿಷಿಯನ್ ಕೊಟ್ಟ ಹಾಳೆ ಮತ್ತು ನಿಮ್ಮ ಲೋಟ ಎರಡನ್ನೂ ತೆಗೆದುಕೊಂಡು ಹೋಗಿ. ಹುರುಳಿ ಉಸಲಿ ಬೇಕಿದ್ದರೆ ಎರಡು ದಿನ ಮೊದಲೇ ಹೇಳಬೇಕು, ಕಾಳು ಮೊಳಕೆ ಬರಬೇಕಲ್ವಾ.