1820ರ ದಶಕದ ಸಿಡ್ನಿ: ನಿಮ್ಮ ಕಥೆಯ ವಿಧವೆ ಯಾವ ಬಾಗಿಲು ತಟ್ಟಬೇಕು?

ನಾಯಕಿಗೆ ಗಂಡನಿಲ್ಲ, ಕೈಯಲ್ಲಿ ಕಾಸಿಲ್ಲ, ಇಬ್ಬರು ಹೆಣ್ಣುಮಕ್ಕಳು. ಎಲ್ಲಿಗೆ ಕಳಿಸಲಿ ಅಂತ ಕೇಳಿದ್ದೀರಿ. ಮೊದಲೊಂದು ಮಾತು: ಬಡವರಿಗೆ ನೆರವು ಕೊಡಿಸುವ ಇಂಗ್ಲೆಂಡಿನ 'ಬಡವರ ಕಾನೂನು' ಬ್ರಿಟಿಷರ ಈ ವಸಾಹತಿನಲ್ಲಿ ಇರಲಿಲ್ಲ. ಅಂದ್ರೆ ಅವಳಿಗೆ ಸಿಗುವುದು ಹಕ್ಕಲ್ಲ, ದಯೆ.

ಸ್ವಾತಂತ್ರ್ಯ ಮುಖ್ಯವಾದರೆ ಬೆನೆವೊಲೆಂಟ್ ಸೊಸೈಟಿ ಎಂಬ ದತ್ತಿ ಸಂಸ್ಥೆಯಿಂದ ಮನೆಗೆ ಪಡಿ ತರಿಸಿ. ಈ ಸಂಸ್ಥೆಯ ಬೇರು 1813ರದ್ದು. ಸ್ವಂತ ಒಲೆ, ಮಕ್ಕಳು ಜೊತೆಯಲ್ಲೇ. ಆದರೆ ಬಾಡಿಗೆ ಕಟ್ಟುವುದು ಹೇಗೆ? ಜೊತೆಗೆ 'ಇವಳು ಯೋಗ್ಯಳೇ' ಅಂತ ವಿಚಾರಣೆ ಬೇರೆ. ಬಟ್ಟೆ ಒಗೆಯುವ ಕೆಲಸವಾದರೂ ಇದ್ದರೆ ಇದು ನಡೆಯುತ್ತದೆ.

ಸೂರೇ ಇಲ್ಲದಿದ್ದರೆ ಅದೇ ಸಂಸ್ಥೆಯ ನಿರ್ಗತಿಕರ ಆಶ್ರಯಧಾಮ. 1821ರಲ್ಲಿ ತೆರೆದದ್ದು, ಈಗಿನ ಸೆಂಟ್ರಲ್ ರೈಲು ನಿಲ್ದಾಣದ ಜಾಗದಲ್ಲಿತ್ತು. ಊಟ, ಹಾಸಿಗೆ ಖಾತ್ರಿ. ಆದರೆ ಅಲ್ಲಿ ಮುದುಕರು, ಕುರುಡರು, ಕಾಯಿಲೆಯವರೇ ಜಾಸ್ತಿ. ನಿಯಮಗಳೂ ಸಂಸ್ಥೆಯವರದೇ. ಮೈಯಲ್ಲಿ ಶಕ್ತಿಯಿರುವ ಹೆಂಗಸಿಗೆ ಇದು ಉಸಿರುಗಟ್ಟಿಸುವ ಜಾಗ. ಕಾಯಿಲೆ ಬಿದ್ದವಳಿಗೆ ಮಾತ್ರ ಸರಿ.

ಮೂರನೆಯದು ನನಗೆ ತುಂಬಾ ಕಾಡುವ ದಾರಿ: ಹುಡುಗಿಯರನ್ನು ಅನಾಥ ಬಾಲಕಿಯರ ಶಾಲೆಗೆ ಸೇರಿಸುವುದು. ಗವರ್ನರ್ ಕಿಂಗ್ 1801ರಲ್ಲಿ ಶುರುಮಾಡಿಸಿದ್ದು, 1818ರಲ್ಲಿ ಸಿಡ್ನಿಯ ಪಶ್ಚಿಮಕ್ಕಿರುವ ಪ್ಯಾರಮಟ್ಟಾಗೆ ಹೋಯಿತು. ಹೆಸರು ಅನಾಥರದ್ದು, ಆದರೆ ತಂದೆಯೋ ತಾಯಿಯೋ ಬದುಕಿದ್ದ ಮಕ್ಕಳೂ ಅಲ್ಲಿದ್ದರು. ಓದು, ಹೊಲಿಗೆ, ಕೊನೆಗೆ ಯಾರದೋ ಮನೆಯಲ್ಲಿ ಚಾಕರಿ. ಅಮ್ಮನಿಗೆ ಮನೆಗೆಲಸದ ನೌಕರಿ ಸಿಕ್ಕು, ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲದಿದ್ದರೆ ಈ ದಾರಿ ಹೊಂದುತ್ತದೆ. ಮಕ್ಕಳನ್ನು ಬಿಟ್ಟು ಹೊರಡುವ ಆ ಬಾಗಿಲಲ್ಲೇ ನಿಮ್ಮ ಕಥೆ ಇದೆ, ಅಲ್ವಾ?