ಎಟಿಮಾನ್‌ಲೈನ್: ಪೀಸ್‌ಮೀಲ್ ಹುಡುಕ್ತಾ ಹೋದ್ರೆ ಮಾತ್ರೆ ಸಿಕ್ತು

ಆಫೀಸ್ ಮೇಲ್‌ನಲ್ಲಿ ‘ಕರೆಕ್ಷನ್ಸ್ ಪೀಸ್‌ಮೀಲ್ ಆಗಿ ಕಳಿಸ್ಬೇಡಿ, ಎಲ್ಲಾ ಒಟ್ಟಿಗೆ ಕಳಿಸಿ’ ಅಂತ ಬಂದಿತ್ತು. ಬಿಡಿಬಿಡಿಯಾಗಿ ಅನ್ನೋ ಅರ್ಥ ಗೊತ್ತು, ಆದ್ರೆ ಪೀಸ್ ಪಕ್ಕ ಈ ಊಟ ಯಾಕೆ ಬಂತು ಅನ್ನೋದು ತಲೇಲಿ ಕೂತ್ಬಿಡ್ತು. ರಾತ್ರಿ ಎಟಿಮಾನ್‌ಲೈನ್ ಅನ್ನೋ ವೆಬ್‌ಸೈಟ್ ತೆಗೆದೆ, ಹತ್ತು ನಿಮಿಷ ಅಂದ್ಕೊಂಡಿದ್ದು ಒಂದೂವರೆ ಗಂಟೆ ಆಯ್ತು.

ಪೆನ್ಸಿಲ್ವೇನಿಯಾದ ಡಗ್ಲಸ್ ಹಾರ್ಪರ್ ಅನ್ನೋರು ಶುರು ಮಾಡಿ ಬೆಳೆಸಿರೋ ಇಂಗ್ಲಿಷ್ ಪದಮೂಲದ ನಿಘಂಟು ಇದು, ಓದೋಕೆ ದುಡ್ಡು ಕೊಡ್ಬೇಕಿಲ್ಲ.

ಪೀಸ್ ಫ್ರೆಂಚಿನಿಂದ ಬಂದಿದ್ದಂತೆ, ಮೀಲ್ ಅಪ್ಪಟ ಹಳೇ ಇಂಗ್ಲಿಷು. ಅಲ್ಲಿ ‘ಮ್ಯಾಲ್’ ಅಂದ್ರೆ ಅಳತೆ, ನಿಗದಿಯಾದ ಹೊತ್ತು. ಆ ಹೊತ್ತಿಗೆ ಉಣ್ಣೋದ್ರಿಂದ ಊಟಕ್ಕೂ ಅದೇ ಹೆಸರಾಯ್ತು. ಅದನ್ನೇ ಚತುರ್ಥಿ ವಿಭಕ್ತಿಯ (ನಮ್ಮ ‘ಗೆ’, ‘ಕ್ಕೆ’ ಥರ) ಬಹುವಚನದಲ್ಲಿ ‘ಮ್ಯಾಲುಮ್’ ಮಾಡಿ ಇನ್ನೊಂದು ಪದದ ಬಾಲಕ್ಕೆ ಅಂಟಿಸಿದ್ರೆ ಕ್ರಿಯಾವಿಶೇಷಣ ಸಿದ್ಧ. ‘ಡ್ರಾಪ್‌ಮ್ಯಾಲುಮ್’ ಅಂದ್ರೆ ಹನಿಹನಿಯಾಗಿ! ನಾವು ಪದಾನ ಎರಡು ಸಲ ಹೇಳಿ ಮಾಡೋ ಕೆಲಸಾನ ಅವ್ರು ಅಳತೆ ಅನ್ನೋ ಒಂದು ಪದ ಸೇರಿಸಿ ಮಾಡ್ತಿದ್ರು, ಎಷ್ಟು ಚೆನ್ನಾಗಿದೆ ನೋಡಿ. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಇಂಚ್‌ಮೀಲ್, ಲಿಂಬ್‌ಮೀಲ್ ಕೂಡ ಇವೆ, ಈಗ ಜನರ ಬಾಯಲ್ಲಿ ಉಳಿದಿರೋದು ಪೀಸ್‌ಮೀಲ್ ಒಂದೇ. ಓಟ್‌ಮೀಲ್‌ನಲ್ಲಿರೋ ಹಿಟ್ಟಿನ ಮೀಲ್ ಬೇರೆಯದೇ ಪದ, ಅರೆಯೋದು ಅನ್ನೋ ಮೂಲದಿಂದ ಬಂದಿದ್ದು.

ಈ ನಿಘಂಟಿನ ನಿಜವಾದ ಬೆಲೆ ಗೊತ್ತಾಗೋದು ಪದದ ಕೆಳಗಿರೋ ಮೂಲಧಾತುವಿನ ಲಿಂಕ್ ಒತ್ತಿದಾಗ. ‘ಮೀಲ್’ನಿಂದ ಹಾಗೆ ಹೋದ್ರೆ ಅಳೆಯೋದು ಅನ್ನೋ ಧಾತು, ಅದರ ಸಾಲಲ್ಲಿ ಗ್ರೀಕಿನ ಮೆಟ್ರಾನ್, ಸಂಸ್ಕೃತದ ಮಾತ್ರಾ! ಲಘುವಿಗೆ 1, ಗುರುವಿಗೆ 2 ಅಂತ ಸ್ಕೂಲಲ್ಲಿ ಎಣಿಸಿದ ಮಾತ್ರೆ ಅದೇ, ಅಮ್ಮ ದಿನಾ ನುಂಗೋ ಮಾತ್ರೆನೂ ಅದೇ. ಮೆಡಿಕಲ್ ಶಾಪಿನವ್ರು ಮಾತ್ರೆ ಕವರ್ ಮೇಲೆ ‘ಆಫ್ಟರ್ ಮೀಲ್’ ಅಂತ ಗೀಚಿ ಕೊಡ್ತಾರಲ್ಲ, ಆ ಮೀಲೂ ಒಳಗಿರೋ ಮಾತ್ರೆನೂ ಒಂದೇ ಬೇರಿನವು ಅಂತ ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ.

ಯಾವ ಕಾಲದಲ್ಲಿ ಯಾರು ಹೇಗೆ ಬಳಸಿದ್ರು ಅಂತ ಸಾಲುಸಾಲು ಉದಾಹರಣೆ ಬೇಕಿದ್ರೆ ಇದು ಸಾಲದು, 1884ರಿಂದ 1928ರವರೆಗೆ ಕಂತುಕಂತಾಗಿ ಬಂದ ಆಕ್ಸ್‌ಫರ್ಡ್ ನಿಘಂಟಿಗೇ ಹೋಗ್ಬೇಕು, ಆನ್‌ಲೈನಲ್ಲಿ ಅದಕ್ಕೆ ಚಂದಾ ಕಟ್ಬೇಕು. ಎಟಿಮಾನ್‌ಲೈನ್‌ನಲ್ಲಿ ವಿವರಣೆ ತುಂಬಾ ಚಿಕ್ಕದು, ಹಳೇ ಭಾಷೆಗಳ ಹೆಸರು ಒಂದರ ಹಿಂದೆ ಒಂದು ಬರ್ತಾವೆ, ಮೊದಲ ಸಲ ಓದೋರಿಗೆ ಸ್ವಲ್ಪ ಕಷ್ಟ. ನನ್ನ ಕಡೆಯಿಂದ 5ಕ್ಕೆ 4.5. ಮೇಷ್ಟ್ರುಗಳು, ಅನುವಾದ ಮಾಡೋರು ಫೋನಲ್ಲಿ ಇಟ್ಕೊಳ್ಳಿ, ಮೊದಲು ಗೊತ್ತಿರೋ ಸಣ್ಣ ಪದದಿಂದಾನೇ ಶುರು ಮಾಡಿ.