ಅಪಘಾತದಲ್ಲಿ ಸಾವು: 164ನೇ ಕಲಮೋ, 166ನೇ ಕಲಮೋ?

ಮೋಟಾರು ವಾಹನ ಕಾಯ್ದೆಯ 164ರಡಿ ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ. ಸಾವಿಗೆ 5 ಲಕ್ಷ ರೂಪಾಯಿ ಪರಿಹಾರ, ಅಷ್ಟೇ. 166ರಡಿ ಎದುರು ಚಾಲಕನ ನಿರ್ಲಕ್ಷ್ಯ ತೋರಿಸಬೇಕು, ಆದರೆ ಮೊತ್ತಕ್ಕೆ ಮಿತಿಯಿಲ್ಲ.

166ರಡಿಯ ಲೆಕ್ಕ ನೋಡಿ. ಸ್ವಂತ ಕೆಲಸದಲ್ಲಿ ತಿಂಗಳಿಗೆ 15,000 ದುಡಿಯುತ್ತಿದ್ದ 35ರ ಬಡಗಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನೇ ನಂಬಿದ್ದವರು. ಮುಂದಿನ ಗಳಿಕೆಗೆಂದು ಶೇ. 40 ಸೇರಿಸಿದರೆ 21,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 15,750. ಅದನ್ನು 12ರಿಂದ, ಮತ್ತೆ ವಯಸ್ಸಿಗೆ ತಕ್ಕಂತೆ ನಿಗದಿಯಾದ ಗುಣಕ 16ರಿಂದ ಗುಣಿಸಿ: 30,24,000.

ಎಫ್‌ಐಆರ್, ಸ್ಥಳ ಮಹಜರು ಗಟ್ಟಿಯಾಗಿದ್ದರೆ 166ನ್ನೇ ಹಿಡಿಯಿರಿ. ಪುರಾವೆ ತೀರಾ ದುರ್ಬಲವಾಗಿದ್ದರೆ ಮಾತ್ರ 164. ದುಃಖದ ಗಳಿಗೆಯಲ್ಲಿ ವಿಮಾ ಕಂಪನಿಯ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ: 164ರ ಹಣ ಒಪ್ಪಿದರೆ 166ರ ಅರ್ಜಿ ಬಿದ್ದುಹೋಗುತ್ತದೆ. ಅರ್ಜಿ ಹಾಕಲು ಕಾಯ್ದೆಯಲ್ಲಿ ಬರೆದಿರುವ ಅವಧಿ ಅಪಘಾತದಿಂದ ಆರು ತಿಂಗಳು.